ನಮ್ಮತ್ತೆ ಕೇಪು ಆರಿಸುತ್ತಿದ್ದ ರೀತಿ

ಬೂದಿಕೋಟೆ ಕಡೆಯಿಂದ ಬಸ್ಸಿನಲ್ಲಿ ಬರುವ ಹೆಂಗಸರ ಸೆರಗಿನ ಗಂಟಿನಲ್ಲಿ ಚಿಲ್ಲರೆ ಇರುತ್ತದೆ, ಎಲೆಅಡಿಕೆ ಇರುತ್ತದೆ. ನಮ್ಮತ್ತೆ ಮುನಿವೆಂಕಟಮ್ಮನವರ ಗಂಟಿನಲ್ಲಿ ಬಂದೂಕಿನ ತೊಟ್ಟು ಇರುತ್ತಿತ್ತು. ಅವರದು ನಳಿಗೆಯ ಬಾಯಿಂದ ಮದ್ದು ತುಂಬಿ ಗಜವೆಂಬ ಸರಳಿನಿಂದ ಜಡಿಯುವ ಹಳೇ ಕಾಲದ ಬಂದೂಕು. ಅದರ ಹಿಂಬದಿಯಲ್ಲಿ ಕಿರುಬೆರಳ ತುದಿಯಷ್ಟು ದೊಡ್ಡದೊಂದು ಉಕ್ಕಿನ ತೊಟ್ಟು. ತೊಟ್ಟಿನ ಮೇಲೆ ಟೋಪಿಯ ಹಾಗೆ ತಾಮ್ರದ ಕೇಪು ಕೂರಬೇಕು. ಕುದುರೆ ಎನ್ನುವ ಪುಟ್ಟ ಸುತ್ತಿಗೆ ಬಂದು ಬಡಿದಾಗ ಕೇಪಿನ ಕಿಡಿ ತೊಟ್ಟಿನ ತೂತಿನಿಂದ ಒಳಗಿಳಿದು ಮದ್ದು ಹೊತ್ತಿಕೊಳ್ಳುತ್ತದೆ. ಬಂದೂಕು ಹಿಡಿದು ಬಸ್ಸು ಹತ್ತಲು ಕಂಡಕ್ಟರು ಬಿಡುವುದಿಲ್ಲ. ಅದಕ್ಕೇ ಅವರು ತೊಟ್ಟನ್ನು ಮಾತ್ರ ತಿರುಪಿ ಬಿಚ್ಚಿ, ಗಂಟಿಗೆ ಕಟ್ಟಿಕೊಂಡು ಬಂಗಾರಪೇಟೆಗೆ ಬರುತ್ತಿದ್ದರು.

ನಾನು ಹಾವೇರಿ ಕಡೆಯವನು. ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದವನು, ಇವರ ಮಗಳನ್ನು ಮದುವೆಯಾಗಿ ಇಲ್ಲೇ ಉಳಿದೆ. ಹೆಣ್ಣು ನೋಡಲು ಹೋದ ದಿನ ಗೋಡೆಗೆ ತೂಗುಹಾಕಿದ್ದ ಬಂದೂಕು ಕಂಡು, ಮಾವ ತೀರಿಹೋಗಿದ್ದಾರೆ ಅಂದರಲ್ಲ, ಇದು ಯಾರದು ಎಂದು ಕೇಳಿದೆ. "ನಂದೇ. ಲೈಸನ್ಸು ನನ್ ಎಸ್ರಿಗೇ ಐತೆ," ಅಂದರು. ಆಮೇಲೆ ನಾನು ವರದಕ್ಷಿಣೆಯ ವಿಷಯ ಎತ್ತಲಿಲ್ಲ ಎಂದು ನನ್ನ ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ನಾನು ಎತ್ತುವವನೇ ಆಗಿರಲಿಲ್ಲ, ಆದರೆ ಯಾರು ನಂಬುತ್ತಾರೆ.

ಅವರು ಬಂದೂಕಿಗೆ ಚರೆ ಹಾಕುತ್ತಿರಲಿಲ್ಲ. ಬರೀ ಮದ್ದು ಹಾಕಿ ಸದ್ದು ಮಾಡಿ, ಕಡಲೆಕಾಯಿ ಹೊಲಕ್ಕೆ ನುಗ್ಗುವ ಕಾಡುಹಂದಿಗಳನ್ನು ಓಡಿಸುವುದಷ್ಟೇ ಕೆಲಸ. ಹೊಲದ ಮೇಲೆ ಅವರ ಮೈದುನ ಕೃಷ್ಣಪ್ಪನ ಕಣ್ಣಿತ್ತು. ಒಂಟಿ ಹೆಂಗಸು, ಹಂದಿ ಓಡಿಸಲಾರದೆ ಇವತ್ತಲ್ಲ ನಾಳೆ ಹೊಲವನ್ನು ತನಗೇ ಬಿಟ್ಟುಕೊಡುತ್ತಾಳೆ ಎಂದು ಅವನು ಕಾಯುತ್ತಿದ್ದ. ಬಂದೂಕು ಇರುವ ತನಕ ಅವನ ಲೆಕ್ಕಾಚಾರ ನಡೆಯುವಂತಿರಲಿಲ್ಲ.

ವರ್ಷಕ್ಕೊಮ್ಮೆ ಕೇಪು ಕೊಳ್ಳುವ ದಿನ ನಾನು ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆಗೆ ಬಂದು ಜೊತೆಯಾಗುತ್ತಿದ್ದೆ. ಅಂಗಡಿಯಲ್ಲಿ ಅವರು ಡಬ್ಬಿ ಬಿಚ್ಚಿಸಿ, ಒಂದೊಂದೇ ಕೇಪನ್ನು ತೊಟ್ಟಿಗೆ ಹಾಕಿ, ತಲೆಕೆಳಗು ಮಾಡಿ ಅಲ್ಲಾಡಿಸುತ್ತಿದ್ದರು. ಬೀಳಬಾರದು. ಆಮೇಲೆ ಉಗುರಿನಿಂದ ಮೆಲ್ಲಗೆ ಎಬ್ಬಿಸುತ್ತಿದ್ದರು. ಸತಾಯಿಸದೆ ಬರಬೇಕು. "ಬಳೆ ಇದ್ದಂಗೆ ಅಳಿಯಂದ್ರೇ. ಬಿಗಿಯಾದ್ರೂ ಕಷ್ಟ, ಸಡ್ಲಾದ್ರೂ ಕಷ್ಟ," ಎಂದು ನನಗೆ ಪಾಠ. ಅಂಗಡಿಯವನಿಗೆ ಒಮ್ಮೆ ತಾಳ್ಮೆ ಕೆಟ್ಟಿತು.

"ಎಲ್ಲಾ ಒಂದೇ ಅಮ್ಮಾ, ಸುಮ್ನೆ ತಗೊಂಡು ಹೋಗಿ."

"ಎಲ್ಲಾ ಒಂದೇನಾ? ಅಂಗಾದ್ರೆ ನಿನ್ ಚಪ್ಲಿ ಬಿಡಪ್ಪ, ನಾನ್ ಆಕ್ಕಂಡ್ ಓಗ್ತೀನಿ."

ಅವನು ಇನ್ನೊಂದು ಡಬ್ಬಿ ತೆಗೆದ.

ಚುನಾವಣೆ ಬಂದಾಗ ಎಲ್ಲರ ಬಂದೂಕುಗಳೂ ಠಾಣೆ ಸೇರುತ್ತವೆ, ಮುಗಿದ ಮೇಲೆ ವಾಪಸು ಬರುತ್ತವೆ. ಒಂದು ಸಲ ಇವರದು ಬರಲಿಲ್ಲ. ಮುದುಕಿಗೆ ಕೈ ನಡುಗುತ್ತದೆ, ಅನಾಹುತವಾದೀತು, ಲೈಸನ್ಸನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಕೃಷ್ಣಪ್ಪ ಅರ್ಜಿ ಕೊಟ್ಟಿದ್ದ. ಅತ್ತೆ ನನ್ನನ್ನು ಕರೆದುಕೊಂಡು ಠಾಣೆಗೆ ಹೋದರು. ಕೃಷ್ಣಪ್ಪ ಆಗಲೇ ಬಂದು ಕೂತಿದ್ದ. ಸಾಹೇಬರು ಒಳ್ಳೆಯವರೇ, ಕೂರಿಸಿ ಮಾತಾಡಿಸಿದರು.

"ವಯಸ್ಸಾಯ್ತಲ್ಲಮ್ಮ. ಇನ್ನು ಯಾಕೆ ಈ ಉಸಾಬರಿ?"

"ನಿಮ್ ತಾಯಿಗೂ ವಯಸ್ಸಾಗಿರ್ತೈತೆ ಸ್ವಾಮಿ. ಒಲೆ ಮುಂದಿಂದ ಎಬ್ಬಿಸಿದ್ರಾ?"

ಸಾಹೇಬರಿಗೆ ನಗು ಬಂತು. ಹಾಗಾದರೆ ಇಬ್ಬರೂ ಕೇಪು ಕೂರಿಸಿ ತೋರಿಸಿ ಎಂದು ಖಾಲಿ ಬಂದೂಕನ್ನೂ ಒಂದಿಷ್ಟು ಕೇಪುಗಳನ್ನೂ ಮೇಜಿನ ಮೇಲೆ ಇಡಿಸಿದರು. ಕೃಷ್ಣಪ್ಪ ಮೊದಲು ಎದ್ದ. ಅವನು ಎತ್ತಿಕೊಂಡ ಕೇಪು ಸಡಿಲ, ಕೂರಲೊಲ್ಲದು. ಅದುಮಿ ಕಿರಿದು ಮಾಡೋಣವೆಂದು ಅವನು ಅದನ್ನು ಬಾಯಿಗೆ ಹಾಕಿ ಹಲ್ಲಿಗೆ ಕೊಟ್ಟ. ಅತ್ತೆ ಹಾರಿ ಹೋಗಿ ಅವನ ದವಡೆ ಹಿಡಿದರು.

"ಉಗಿಯೋ, ಉಗಿ. ಮೂತಿ ಸಿಡ್ದೋಯ್ತೈತೆ ಕಣ್ಲಾ."

ಅವನು ಕೇಪನ್ನು ಅವರ ಅಂಗೈಗೇ ಉಗಿದ. ಅವರು ಅದನ್ನು ಸೆರಗಿಗೆ ಒರೆಸಿ ಪಕ್ಕಕ್ಕಿಟ್ಟು, ಉಳಿದವನ್ನು ಒಂದೊಂದಾಗಿ ತೊಟ್ಟಿಗೆ ಹಾಕಿ ನೋಡಿದರು. ಒಂದೂ ಒಪ್ಪಿಗೆಯಾಗಲಿಲ್ಲ. "ಇವ್ಯಾವೂ ಈ ಬಂದೂಕಕ್ಕಲ್ಲ. ನಾನ್ ಕೂರ್ಸಕ್ಕಿಲ್ಲ," ಎಂದು ಕೈ ಕಟ್ಟಿ ನಿಂತರು. ಪರೀಕ್ಷೆಯೇ ಬೇಡವೆಂದ ಮೇಲೆ ಲೈಸನ್ಸು ಹೋಯಿತೆಂದೇ ನಾನು ಅಂದುಕೊಂಡೆ. ಸಾಹೇಬರು ಕೃಷ್ಣಪ್ಪನನ್ನು ಒಮ್ಮೆ, ಅತ್ತೆಯನ್ನು ಒಮ್ಮೆ ನೋಡಿ, ಬಂದೂಕನ್ನು ಅತ್ತೆಯ ಕೈಗೇ ಕೊಟ್ಟರು.

ಅದಾಗಿ ಮೂರು ವರ್ಷಕ್ಕೆ ಅವರ ಸಕ್ಕರೆ ಕಾಯಿಲೆ ಜೋರಾಯಿತು. ಕೇಪು ಕೊಳ್ಳಲು ಹೋದ ದಿನ ಅಂಗಡಿಯಲ್ಲಿ ಒಂದನ್ನು ತೊಟ್ಟಿಗೆ ಹಾಕಿ, "ಇದು ಸರ್ಯಾಗೈತೆ," ಎಂದು ನನ್ನ ಕೈಗಿತ್ತರು. ನಾನು ತಲೆಕೆಳಗು ಮಾಡಿದೆ. ಕೇಪು ಉದುರಿತು. ಇನ್ನೊಂದು ಹಾಕಿದರು, ಅದೂ ಉದುರಿತು. ಮೂರನೆಯದೂ ಅಷ್ಟೇ. "ಈ ಸಲದ ಮಾಲೇ ಸರಿಯಿಲ್ಲ ಅತ್ತೆ," ಎಂದೆ.

"ಸುಳ್ಳು ಯೋಳ್ಬೇಡಿ ಅಳಿಯಂದ್ರೇ. ನನ್ ಬೆಳ್ಳಿಗೆ ಗ್ಯಾನ ತಪ್ಪೈತೆ," ಎಂದು ಬೆರಳುಗಳನ್ನು ನನ್ನ ಮುಂದೆ ಹಿಡಿದರು. ಆ ವರ್ಷ ಕೇಪು ಕೊಳ್ಳಲಿಲ್ಲ.

ಮಾರನೆಯ ವಾರ ಅವರೇ ಆಟೋ ಮಾಡಿಸಿಕೊಂಡು, ನನ್ನನ್ನೂ ನನ್ನ ಹೆಂಡತಿಯನ್ನೂ ಕೂರಿಸಿಕೊಂಡು, ಬಂದೂಕಿನೊಂದಿಗೆ ಠಾಣೆಗೆ ಹೋದರು. ಯಾರೂ ಕೇಳಿರಲಿಲ್ಲ. ಕೃಷ್ಣಪ್ಪ ಹಿಂದೆಯೇ ಓಡಿಬಂದು, ತನ್ನ ಹೆಸರಿಗೆ ಮಾಡಿಸಿಕೊಡು ಅತ್ತಿಗೆ ಎಂದು ಹಲ್ಲು ಗಿಂಜಿದ. "ಸಾಯೋ ಆಸೆ ಇದ್ರೆ ಬೇರೆ ದಾರಿ ನೋಡ್ಕೋ. ಒಲಾನೂ ಮಗಳ ಎಸ್ರಿಗೆ ಬರ್ದಾಯ್ತು," ಅಂದರು. ಅದು ನಮಗೂ ಗೊತ್ತಾಗಿದ್ದು ಆ ಗಳಿಗೆಯಲ್ಲೇ.

ರೈಟರು ರಶೀದಿ ಬರೆದು ಓದಿದ: ನಿರುಪಯುಕ್ತ ಬಂದೂಕು, ಸ್ವಇಚ್ಛೆಯಿಂದ ಒಪ್ಪಿಸಿದೆ.

"ಯಾವ್ದು ನಿರುಪಯುಕ್ತ?" ಎಂದು ಅತ್ತೆ ಮೇಜಿನ ಮೇಲೆ ಕೈ ಊರಿದರು. "ಬಂದೂಕ ಚೆನ್ನಾಗೈತೆ. ಬೆಳ್ಳು ಕೆಟ್ಟೈತೆ. ಇರೋದನ್ನ ಬರಿ."

ಹಾಗೆಲ್ಲ ಬರೆಯಲು ಬರುವುದಿಲ್ಲ ಎಂದ ರೈಟರು. ಬರೆಯುವ ತನಕ ಏಳುವುದಿಲ್ಲ ಎಂದು ಇವರು ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಊಟದ ಹೊತ್ತು ಕಳೆದರೂ ಕದಲಲಿಲ್ಲ.

ಅವರು ಹೋಗಿ ಎರಡು ವರ್ಷವಾಯಿತು. ರಶೀದಿ ನನ್ನ ಹೆಂಡತಿಯ ಹತ್ತಿರವಿದೆ. ರೈಟರ ದುಂಡನೆಯ ಅಕ್ಷರದಲ್ಲಿ ಹೀಗಿದೆ: ಬಂದೂಕು ಸುಸ್ಥಿತಿಯಲ್ಲಿದೆ. ಪರವಾನಗಿದಾರರ ಬೆರಳುಗಳು ಸರಿಯಿಲ್ಲದ ಕಾರಣ, ಅವರೇ ತೀರ್ಮಾನಿಸಿ ಒಪ್ಪಿಸಿರುತ್ತಾರೆ.