ತಂಗಿಯ ಸರದಿ

ಹಾಡು ಎರಡನೇ ಸಾಲಿಗೇ ನಿಂತುಹೋಯಿತು. ನಾಶಿಕದ ನಮ್ಮ ಮನೆಯಲ್ಲಿ ಪಕ್ಕದ ಮನೆಯ ಹುಡುಗಿ ಶಿವಲೀಲಾ ಆಗಷ್ಟೇ ನನ್ನ ಹಳೆಯ ಮೊಬೈಲನ್ನು ಹಳೆಯ ಸ್ಪೀಕರಿಗೆ ಜೋಡಿಸಿ ಮ್ಯೂಸಿಕ್ ಸಿಸ್ಟಮ್ ಮಾಡಿಕೊಟ್ಟಿದ್ದಳು. ಬೀದರಿನವಳು, ಇಲ್ಲೇ ಸಾತಪುರದ ಫ್ಯಾಕ್ಟರಿಯಲ್ಲಿ ಕೆಲಸ. ಸ್ಕ್ರೀನಿನಲ್ಲಿ ‘ಸಂಭಾಜಿನಗರದ ಸ್ಪೀಕರಿನಲ್ಲಿ ಪ್ಲೇ ಆಗುತ್ತಿದೆ’ ಎಂದಿತ್ತು.

ಅವಳು ನಾಲಿಗೆ ಕಚ್ಚಿಕೊಂಡಳು. “ಸಾರಿ ಆಂಟಿ. ಹೋದ ವಾರ ಸಂಭಾಜಿನಗರಕ್ಕ ನಮ್ಮ ಕಾಕಾನ ಮನಿಗೆ ಹೋದಾಗ ಮಗ್ಗಲದಾಗಿನ ನಿಮ್ಮ ತಂಗಿಯವರ ಮನ್ಯಾಗೂ ಹಿಂಗೇ ಹಚ್ಚಿಕೊಟ್ಟೆ. ಅಕ್ಕ-ತಂಗಿ ಅದೀರಿ, ಖರ್ಚು ಉಳೀತದ ಅಂತ ಇಬ್ಬರಿಗೂ ಒಂದೇ ಅಕೌಂಟ್ ಹಾಕೀನಿ. ಒಂದು ಹೊತ್ತಿಗೆ ಒಬ್ಬರೇ ಕೇಳಬಹುದ್ರಿ. ಅವರದು ಬಂದ್ ಮಾಡ್ಲೇನ್ರಿ?”

ಅಮ್ಮ ತೀರಿದ ಮೇಲೆ ನಾವಿಬ್ಬರೂ ಮಾತು ಬಿಟ್ಟಿದ್ದೇವೆಂದು ಅವಳಿಗೇನು ಗೊತ್ತು? ಸ್ಕ್ರೀನಿನಲ್ಲಿ ತಂಗಿ ಹಾಕಿದ ಹಾಡಿನ ಹೆಸರು ನೋಡಿದೆ. ಕಾನ್ವೆಂಟಿನ ಕ್ವಾಯರ್‌ನಲ್ಲಿ ಅಕ್ಕಪಕ್ಕ ನಿಂತು ನಾವು ಹಾಡುತ್ತಿದ್ದ ಪ್ರೇಯರ್ ಸಾಂಗ್.

“ಲೀವ್ ಇಟ್, ಶಿವಲೀಲಾ. ಅವಳು ಕೇಳಲಿ,” ಎಂದೆ.

ಈಗ ದಿನವೂ ಸಂಜೆ ಐದರ ಸುಮಾರಿಗೆ ನನ್ನ ಹಾಡು ನಿಲ್ಲುತ್ತದೆ. ನಾನು ಪ್ಲೇ ಒತ್ತಿದರೆ ಅವಳದು ನಿಂತುಹೋಗುತ್ತದೆ, ಅದಕ್ಕೇ ಒತ್ತುವುದಿಲ್ಲ. ಅವಳು ಕೇಳಿ ಮುಗಿಸುವವರೆಗೆ ಆ ಸೈಲೆನ್ಸ್‌ನಲ್ಲಿ ಕೂತಿರುತ್ತೇನೆ. ಫೋನ್ ಮಾಡುವ ಕರೇಜ್ ಇನ್ನೂ ಬಂದಿಲ್ಲ.