ಅಕ್ಕನ ಬಳೆ, ಕಾಕುವಿನ ಒರೆಗಲ್ಲು

ಮೊನ್ನೆ ಸಂತೆಯಿಂದ ಅಂಟವಾಳಕಾಯಿ ತಂದು ನೆನೆಹಾಕಿದ್ದೆ. ಬೆಳಗ್ಗೆ ಬೋಗುಣಿಯ ಮುಚ್ಚಳ ತೆಗೆದಾಗ ಆ ಹುಳಿಹುಳಿ ವಾಸನೆ ಮೂಗಿಗೆ ಹೊಡೆಯಿತು. ಬೈಲಹೊಂಗಲದ ನಮ್ಮ ಓಣಿಯ ಎದುರುಮನೆ ಚಿಕ್ಕಮ್ಮ, ನಾವೆಲ್ಲ ಕಾಕು ಎನ್ನುತ್ತಿದ್ದವರು, ಕಣ್ಣಮುಂದೆ ಬಂದು ಕುಳಿತರು. ಯಾವ ಒಡವೆ ಬಂದರೂ ಅದನ್ನು ಅಂಟವಾಳದ ನೊರೆಯಲ್ಲಿ ತೊಳೆದೇ ಅವರು ಪರೀಕ್ಷೆಗೆ ಕೂಡುತ್ತಿದ್ದರು.

ತೊಂಬತ್ತರ ದಶಕದ ಮಾತು, ನಾನಾಗ ಪಿಯುಸಿ. ಕಾಕುವಿನ ಗಂಡ, ನಮ್ಮ ಪಾಲಿಗೆ ಕಾಕಾ, ಅಕ್ಕಸಾಲಿಗರು, ಪೇಟೆಯಲ್ಲಿ ಸಣ್ಣ ಅಂಗಡಿ. ಕಾಕು ಹುಟ್ಟಿದ್ದೂ ಅಕ್ಕಸಾಲಿಗರ ಮನೆಯಲ್ಲೇ. ಅಪ್ಪನ ಒರೆಗಲ್ಲನ್ನು ತವರಿನಿಂದ ತಂದುಕೊಂಡಿದ್ದರು. ಓಣಿಯ ಹೆಂಗಸರು ಮಧ್ಯಾಹ್ನ ಸೆರಗಿನ ಗಂಟು ಬಿಚ್ಚುತ್ತ ಅವರ ಕಟ್ಟೆಗೆ ಬರುತ್ತಿದ್ದರು. ಹಳೇ ರೇಡಿಯೋದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಕಾಕು ಮೊದಲು ಹಿಡಿಯುತ್ತಿದ್ದರು. ಅದಕ್ಕೆ ಅಂಟಿಕೊಂಡರೆ ಅಲ್ಲಿಗೇ ಮುಗಿಯಿತು. ಅಂಟದಿದ್ದರೂ ನಂಬುತ್ತಿರಲಿಲ್ಲ, ಹಿತ್ತಾಳೆಯೂ ಅಂಟುವುದಿಲ್ಲವಲ್ಲ. ಆಮೇಲೆ ಉಪ್ಪಿನಕಾಯಿ ಭರಣಿ ಬೋರಲು ಹಾಕಿ, ಹೊಳಪಿಲ್ಲದ ಅದರ ತಳದ ಅಂಚಿಗೆ ಒಡವೆಯನ್ನು ಮೆಲ್ಲಗೆ ಉಜ್ಜುವುದು. ಹಳದಿ ಗೆರೆ ಬಿದ್ದರೆ ಬಂಗಾರ, ಕಪ್ಪು ಬಿದ್ದರೆ ಮೋಸ. ಎಷ್ಟು ಬಂಗಾರ ಎಂಬುದು ತಿಳಿಯಬೇಕಾದರೆ ಮಾತ್ರ ಒರೆಗಲ್ಲು ಹೊರಬರುತ್ತಿತ್ತು.

ಆ ವರ್ಷ ನನ್ನ ಅಕ್ಕನನ್ನು ಸವದತ್ತಿಗೆ ಕೊಟ್ಟಿದ್ದೆವು. ಅವಳ ನಾಲ್ಕು ಬಳೆ ಮಾಡಿಕೊಟ್ಟವರು ಕಾಕುವಿನ ಗಂಡನೇ. ಮದುವೆಯಾಗಿ ಮೂರು ತಿಂಗಳಿಗೆ ಅಕ್ಕ ಒಬ್ಬಳೇ ಬಸ್ಸಿಳಿದು ಮನೆಗೆ ಬಂದಳು. ಮುಂಗೈ ಸುತ್ತ ಕರಿ ಗುರುತು. ಹಿತ್ತಾಳೆ ಹಾಕಿ ಕಳಿಸಿದ್ದಾರೆಂದು ಅತ್ತೆ ನಾಲ್ಕು ಮಂದಿಯ ಮುಂದೆ ಆಡಿ, ಬಳೆ ಬಿಚ್ಚಿಸಿ ಇಟ್ಟುಕೊಂಡು, ಅಪ್ಪನನ್ನು ಕರೆದುಕೊಂಡು ಬಾ ಎಂದು ಅಟ್ಟಿದ್ದರು. ಅಪ್ಪ ಅಂದು ಊಟ ಮಾಡಲಿಲ್ಲ...

ಸುದ್ದಿ ಕೇಳಿ ಕಾಕು ತಾವಾಗಿ ಬಂದರು. "ನಾ ಬರತೇನಿ ನಡೀರಿ. ಅವರ ಮನ್ಯಾಗ, ಅವರ ಮುಂದನ ನೋಡೂಣು," ಅಂದರು. ಮರುದಿನ ಅಪ್ಪ, ಅಕ್ಕ, ಕಾಕು, ನಾನು ಬಸ್ ಹತ್ತಿದೆವು. ನವಿಲುತೀರ್ಥದ ಡ್ಯಾಮು ಕಾಣಿಸಿದಾಗಲೂ ಯಾರೂ ಕಿಟಕಿಯತ್ತ ತಿರುಗಲಿಲ್ಲ. ಕಾಕುವಿನ ತೊಡೆಯ ಮೇಲಿನ ಕೈಚೀಲದಲ್ಲಿ ಕಲ್ಲು, ಬಂಗಾರ ಪರೀಕ್ಷಿಸುವ ಆಮ್ಲದ, ಅಂದರೆ ತೇಜಾಬಿನ ಸಣ್ಣ ಶೀಷೆ.

ಸವದತ್ತಿಯ ಆ ಪಡಸಾಲೆಯಲ್ಲಿ ನೆರೆಯವರೂ ಸೇರಿದ್ದರು. ಕಾಕು ಬಳೆ ತೊಳೆದು ಒರೆಸಿ, ಆ ಮನೆಯದೇ ಭರಣಿ ತರಿಸಿ ತಳಕ್ಕೆ ಉಜ್ಜಿದರು. ಹಳದಿ ಗೆರೆ! ಅತ್ತೆ ಮಾತ್ರ ಬಿಡಲಿಲ್ಲ. "ಬಂಗಾರ ಆದ್ರ ಕೈ ಯಾಕ ಕಪ್ಪಾತ್ರಿ?"

ಬೆವರಿಗೆ ಹಾಗಾಗುತ್ತದೆ ಎಂದು ಕಾಕು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೆವರಿಗೆ ಒಮ್ಮೊಮ್ಮೆ ಒಳ್ಳೆಯ ಬಂಗಾರವೂ ಕಲೆ ಬಿಡುತ್ತದೆಂದು ಅವರೇ ಓಣಿಯಲ್ಲಿ ಎಷ್ಟೋ ಸಲ ಹೇಳಿದ್ದರು. ಕಾಕು ಸ್ವಲ್ಪ ಹೊತ್ತು ಬಳೆಯನ್ನು ಅಂಗೈಯಲ್ಲಿ ತೂಗುತ್ತ ಕುಳಿತರು. ಆಮೇಲೆ ಕಲ್ಲು ಹೊರತೆಗೆದರು. ಬಳೆಯಿಂದ ಒಂದು ಗೆರೆ, ತಮ್ಮ ತಾಳಿಯ ಗುಂಡಿನಿಂದ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದು, ಎರಡರ ಮೇಲೂ ತೇಜಾಬು ಸವರಿದರು. ತಾಳಿಯ ಗೆರೆ ಹಾಗೇ ಉಳಿಯಿತು. ಬಳೆಯದು ನಾವು ನೋಡುತ್ತಿದ್ದಂತೆ ಮಂಕಾಯಿತು.

"ಬಂಗಾರನ ಐತ್ರಿ," ಅಂದರು ಕಾಕು. "ಆದ್ರ ತಾಮ್ರ ಹೆಚ್ಚು ಕೂಡಸ್ಯಾರ. ಇದನ್ನ ಮಾಡಿದಾವ್ರು ನನ್ನ ಗಂಡ. ತಪ್ಪು ನಮ್ಮ ಮನೀದು. ಈ ಹುಡಗಿಗೆ, ಈಕಿ ಅಪ್ಪಗ ಏನೂ ಗೊತ್ತಿಲ್ಲ. ತಿಂಗಳದಾಗ ಬ್ಯಾರೆ ಬಳಿ ತಂದು ನಾನ ಈಕಿ ಕೈಗೆ ಏರಸ್ತೇನಿ."

ಅತ್ತೆಯೇ ಎದ್ದು, ಅಕ್ಕನ ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಅಕ್ಕ ಅಲ್ಲೇ ಉಳಿದಳು. ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕು ಅಂದರು: "ಲಗೂನ ಮುಟ್ಟಿದ್ರ ಚಲೋ ಆಕ್ಕಿತ್ತು. ಮನ್ಯಾಗ ನಮ್ಮವ್ರು ಹಸದಿರತಾರ."

ಹೊಸ ಬಳೆ ತಿಂಗಳೊಳಗೇ ಆದವು. ಗಂಡನ ಮುಂದೆ ಕಾಕು ತಮ್ಮ ತವರಿನ ಬಂಗಾರದ ಗುಂಡಿನ ಬೋರಮಾಳ ಸರ ಬಿಚ್ಚಿಟ್ಟು, ಕರಗಿಸಿ ಎಂದರಂತೆ. ಆ ಸರ ಮತ್ತೆ ಅವರ ಕೊರಳಲ್ಲಿ ಕಾಣಲಿಲ್ಲ. ಕಾಕಾ ಬಹಳ ದಿನ ಅವರೊಡನೆ ಮಾತು ಬಿಟ್ಟಿದ್ದರೆಂದು ಓಣಿಯಲ್ಲಿ ಆಡಿಕೊಂಡರು. ಅಂಗಡಿಗೆ ಗಿರಾಕಿಗಳೂ ಕಡಿಮೆಯಾದರು. ಆದರೆ ವರ್ಷ ಕಳೆಯುವಷ್ಟರಲ್ಲಿ ಬಂದವರೆಲ್ಲ "ಕಾಕು ನೋಡ್ಯಾರೇನ್ರಿ?" ಎಂದು ಕೇಳತೊಡಗಿದರು. ಮಾಡಿದ ಒಡವೆಯನ್ನು ಕಾಕಾ ತಾವೇ ಮನೆಗೆ ತಂದು, ಏನೂ ಅನ್ನದೆ, ಹೆಂಡತಿಯ ಮುಂದೆ ಇಟ್ಟು ಹೋಗುವುದನ್ನು ನಾನೇ ನಮ್ಮ ಕಟ್ಟೆಯಿಂದ ಎಷ್ಟೋ ಸಲ ನೋಡಿದ್ದೇನೆ. ಕಾಕು ಒಪ್ಪದ ಒಡವೆ ಗಿರಾಕಿಯ ಕೈಗೆ ಹೋಗುತ್ತಿರಲಿಲ್ಲ.

ನಾನು ಮದುವೆಯಾಗಿ ರಾಮದುರ್ಗಕ್ಕೆ ಬಂದೆ. ಊರಿಗೆ ಹೋದಾಗ ಕಾಕುವನ್ನು ಕಾಣದೆ ಬರುತ್ತಿರಲಿಲ್ಲ. ನಡುವೆ ಎರಡು ವರ್ಷ ಹೋಗಲಾಗಲಿಲ್ಲ... ಆ ನಡುವಿನಲ್ಲೇ ಅವರು ತೀರಿಕೊಂಡರು. ಸುದ್ದಿ ನನಗೆ ಮುಟ್ಟುವಾಗ ದಿನಕರ್ಮಗಳೂ ಮುಗಿದಿದ್ದವು.

ಅಂಟವಾಳ ನೆನೆದ ಈ ಬೆಳಗ್ಗೆ ಅಕ್ಕನಿಗೆ ಫೋನ್ ಮಾಡಿದೆ. ಅವಳೀಗ ಇಬ್ಬರು ಸೊಸೆಯಂದಿರ ಅತ್ತೆ. ಮನೆಯಲ್ಲಿ ಅವಳ ಮಾತೇ ಮಾತು. ಕಾಕುವಿನ ಹೆಸರೆತ್ತಿದೆ.

"ನನ್ನ ಸಂಸಾರ ಉಳಿಸಿ ಹೋದ್ರು," ಅಂದಳು. "ಗಂಡನ ತಪ್ಪು ಎಲ್ಲಾರ ಮುಂದ ಹೇಳಿ, ಅವತ್ತ ಸಂಜಿಮುಂದ ತಮ್ಮ ಮನಿಗೆ ಒಬ್ಬರ ಹೊಕ್ಕರಲಾ... ಒಳಗ ಏನಾತು ಅಂತ ನಾವು ಒಬ್ಬರೂ, ಒಂದು ದಿನನೂ ಕೇಳಲಿಲ್ಲ ನೋಡು."