ಆಂಟೀಜಿಯ ಕಾರಿಗೆ ನಾನು ಹೇಳಿದ ಪೆಟ್ರೋಲು

ಪೂಸಾ ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ ನಾನು ಸಿವಿಲ್ ಸರ್ವಿಸಸ್ ಪರೀಕ್ಷೆಗೆ ಓದಲೆಂದು ದಾವಣಗೆರೆಯಿಂದ ದೆಹಲಿಗೆ ಬಂದು, ಓಲ್ಡ್ ರಾಜಿಂದರ್ ನಗರದಲ್ಲಿ ಒಂದು ಕೋಣೆ ಹಿಡಿದಿದ್ದೆ. ಕೆಳಗಿನ ಮನೆಯಲ್ಲಿ ಮಾಲಕಿ ಒಬ್ಬರೇ ಇದ್ದರು. ಎಪ್ಪತ್ತು ದಾಟಿದ ಪಂಜಾಬಿ ಹೆಂಗಸು. ಬಾಡಿಗೆಗಿದ್ದ ಹುಡುಗಿಯರೆಲ್ಲ ಅವರನ್ನು ಆಂಟೀಜಿ ಎನ್ನುತ್ತಿದ್ದೆವು. ಗೇಟಿನ ಒಳಗೆ ಅವರ ಕಪ್ಪು ಕಾರು ನಿಂತಿರುತ್ತಿತ್ತು. ಐವತ್ತರ ದಶಕದ ಬ್ರಿಟಿಷ್ ಗಾಡಿ. ಕೊಂಡದ್ದು ತೀರಿಹೋದ ಗಂಡ, ಆದರೆ ಓಡಿಸಿದ್ದು ಮೊದಲಿನಿಂದಲೂ ಆಂಟೀಜಿಯೇ. ಅವರ ಗಂಡನಿಗೆ ಕೊನೆಯವರೆಗೂ ಸರಿಯಾಗಿ ಗೇರು ಹಾಕಲು ಬರಲಿಲ್ಲವಂತೆ.

ಭಾನುವಾರ ಅವರು ಗುರುದ್ವಾರಕ್ಕೆ ಹೊರಟರೆ ಎಷ್ಟೋ ಸಲ ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಒಂದು ಚಳಿಗಾಲ ಕಾರು ತಕರಾರು ಶುರುಮಾಡಿತು. ಬೆಳಿಗ್ಗೆ ಸ್ಟಾರ್ಟ್ ಆಗುತ್ತಿರಲಿಲ್ಲ, ಏರಿನಲ್ಲಿ ಉಬ್ಬಸ ಪಡುತ್ತಿತ್ತು.

"ನೀನು ಎಂಜಿನಿಯರ್ ಅಲ್ಲವಾ ಬೇಟಾ?" ಎಂದರು ಆಂಟೀಜಿ. "ಪಂಪಿನವನು ಸಾದಾ ಪೆಟ್ರೋಲ್ ಬೇಡ, ಪ್ರೀಮಿಯಂ ಹಾಕಿಸಿ ಅಂತಾನೆ. ಏನು ಮಾಡಲಿ?"

ನಾನು ಅದುವರೆಗೆ ಒಂದು ಕಾರಿನ ಬಾನೆಟ್ಟನ್ನೂ ಎತ್ತಿದವಳಲ್ಲ. ಆದರೆ ಪೆಟ್ರೋಲು ಎಂಜಿನ್ನಿನೊಳಗೆ ಹೊತ್ತಿಗೆ ಮೊದಲೇ ಸಿಡಿಯದಂತೆ ತಡೆಯುವ ಗುಣದ ಅಳತೆಯಾದ ಆಕ್ಟೇನ್ ಬಗ್ಗೆ ಪುಸ್ತಕದಲ್ಲಿದ್ದದ್ದೆಲ್ಲ ಬಾಯಿಪಾಠವಿತ್ತು. ಮೇಲಾಗಿ ಆ ವರ್ಷ ಪ್ರಿಲಿಮ್ಸ್‌ನಲ್ಲೇ ಫೇಲಾಗಿ ಕೂತಿದ್ದೆ. ಯಾರೋ ನನ್ನನ್ನು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದಾರೆ ಎನ್ನುವುದೇ ದೊಡ್ಡದಾಗಿತ್ತು.

"ಆಕ್ಟೇನ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಆಂಟೀಜಿ. ಪ್ರೀಮಿಯಮ್ಮೇ ಹಾಕಿಸಿ," ಎಂದೆ.

ಮೂರು ತಿಂಗಳು ಅದನ್ನೇ ಹಾಕಿಸಿದರು. ಕಾರು ಇನ್ನಷ್ಟು ಸೊರಗಿತು. ಕೊನೆಗೊಂದು ಭಾನುವಾರ ಶಂಕರ್ ರೋಡಿನ ಏರಿನಲ್ಲಿ ನಿಂತೇಬಿಟ್ಟಿತು. ಹಿಂದೆ ಬಸ್ಸುಗಳ ಹಾರ್ನು. ನಾನಿಳಿದು, ಇಬ್ಬರು ದಾರಿಹೋಕರ ಜೊತೆ ಸೇರಿ ಕಾರನ್ನು ಬದಿಗೆ ತಳ್ಳಿದೆ.

ಮಾರನೆಯ ದಿನ ಅದನ್ನು ಕರೋಲ್ ಬಾಗ್‌ನ ಒಬ್ಬ ಮುದುಕ ಮಿಸ್ತ್ರಿಯ ಗ್ಯಾರೇಜಿಗೆ ಎಳೆಸಿದೆವು. ಮೂರು ತಿಂಗಳಿಂದ ಪ್ರೀಮಿಯಂ ಹಾಕಿಸುತ್ತಿದ್ದೇನೆ ಎಂದು ಆಂಟೀಜಿ ಅವನಿಗೆ ಹೇಳಿದರು. ಅವನು ಎಂಜಿನ್ನಿನ ತಲೆ ಬಿಚ್ಚಿ, ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದ.

"ಈ ಗಾಡಿ ಮಾಡಿದ ಕಾಲದಲ್ಲಿ ಪೆಟ್ರೋಲಲ್ಲಿ ಸೀಸ ಇರುತ್ತಿತ್ತು ಮಾತಾಜಿ. ವಾಲ್ವು ಕೂರುವ ಜಾಗ ಸವೆಯದ ಹಾಗೆ ಅದು ಕಾಯುತ್ತಿತ್ತು. ಈಗ ಸಾದಾದಲ್ಲೂ ಸೀಸ ಇಲ್ಲ, ಪ್ರೀಮಿಯಂನಲ್ಲೂ ಇಲ್ಲ. ಜಾಗ ಸವೆದು ವಾಲ್ವು ಒಳಗೆ ಕುಸಿದಿದೆ. ಪ್ರೀಮಿಯಂ ಹೊಸ ಎಂಜಿನ್ನಿಗೆ. ಇದಕ್ಕೆ ಸಾದಾ ಧಾರಾಳ ಸಾಕು. ಪ್ರೀಮಿಯಂ ಹಾಕಿಸೋಕೆ ಯಾರು ಹೇಳಿದ್ದು?"

"ಪಂಪಿನವರು," ಎಂದರು ಆಂಟೀಜಿ, ನನ್ನ ಕಡೆ ನೋಡದೆ.

ನಾನು ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಹೇಳಿದ್ದು ನಾನು ಭಯ್ಯಾ," ಎಂದೆ. "ಎಂಜಿನಿಯರಿಂಗ್ ಓದಿದ್ದೀನಿ."

ಮಿಸ್ತ್ರಿ ನಗಲಿಲ್ಲ. ಟಾರ್ಚನ್ನು ನನ್ನ ಕೈಗಿತ್ತು, "ಅಚ್ಛಾ, ಹಾಗಾದರೆ ಬನ್ನಿ, ಬೆರಳಿಟ್ಟು ನೋಡಿ," ಎಂದ. ನೋಡಿದೆ. ನಯವಾಗಿರಬೇಕಾದ ಅಂಚು ಗುಳಿಬಿದ್ದು ತರಿತರಿಯಾಗಿತ್ತು. ಅಲ್ಲಿ ಗಟ್ಟಿ ಉಕ್ಕಿನ ಉಂಗುರಗಳನ್ನು ಕೂರಿಸಿದರೆ ಸೀಸವಿಲ್ಲದ ಸಾದಾ ಪೆಟ್ರೋಲಿನಲ್ಲೇ ಗಾಡಿ ಓಡುತ್ತದೆ, ಹತ್ತು ದಿನ ಬೇಕು ಎಂದ.

ಆಟೋದಲ್ಲಿ ಮನೆಗೆ ಮರಳುವಾಗ, "ನನ್ನ ಹೆಸರು ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳಿ ಏನಾಗಬೇಕಿತ್ತು?" ಎಂದ ಆಂಟೀಜಿ ಸ್ವಲ್ಪ ದೂರ ಹೋದ ಮೇಲೆ ನಗತೊಡಗಿದರು. "ನಮ್ಮ ಯಜಮಾನರು ಪಕ್ಕದಲ್ಲಿ ಕೂತು ನಲವತ್ತು ವರ್ಷ ತಪ್ಪು ದಾರಿ ಹೇಳಿದರು. ಒಂದು ದಿನವಾದರೂ 'ಹೇಳಿದ್ದು ನಾನು' ಅನ್ನಲಿಲ್ಲ."

ಆ ಹತ್ತು ದಿನದಲ್ಲಿ ನಾಲ್ಕು ಸಂಜೆ ನಾನು ಗ್ಯಾರೇಜಿಗೆ ಹೋದೆ. ವಾಲ್ವು ಉಜ್ಜಿ ಕೂರಿಸುವುದನ್ನು ಮಿಸ್ತ್ರಿ ನನ್ನ ಕೈಯಲ್ಲೇ ಮಾಡಿಸಿದ. ಒಂದನ್ನು ಕೆಡಿಸಿದೆ, ಅವನು ಮತ್ತೆ ಮಾಡಿಸಿದ. ಕಾರು ಸರಿಹೋಯಿತು. ಮುಂದಿನ ವರ್ಷವೂ ನಾನು ಪರೀಕ್ಷೆ ಪಾಸಾಗಲಿಲ್ಲ. ಗುರಗಾಂವ್‌ನಲ್ಲಿ ಎಂಜಿನ್ ಬಿಡಿಭಾಗ ಮಾಡುವ ಒಂದು ಕಂಪನಿಗೆ ಅರ್ಜಿ ಹಾಕಿದೆ. ಇಂಟರ್‌ವ್ಯೂನಲ್ಲಿ ಕೈಯಾರೆ ಮಾಡಿದ ಕೆಲಸ ಏನಾದರೂ ಇದೆಯೇ ಎಂದು ಕೇಳಿದಾಗ, ನಾನು ಆ ಕೆಡಿಸಿದ ವಾಲ್ವಿನಿಂದಲೇ ಶುರುಮಾಡಿದೆ.